ದೇವರು ಭೂಮಿಯನ್ನು ಮನುಷ್ಯನಿಗೆ ಕೊಟ್ಟನಾ? ಕೊಟ್ಟಿದ್ದರೆ ಯಾವ ಮನುಷ್ಯನಿಗೆ?

ಕಾವಲಂಚು, ಚಳ್ಳಕೆರೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಸಮಾಧಾನವಾಗಿ ಓದಿ, ಆಮೇಲೆ ನಿಮ್ಮ ಅಭಿಪ್ರಾಯ ಬರೆಯಿರಿ.

ಬೈಬಲ್ಲಿನ ಮೊದಲ ಅಧ್ಯಾಯದಲ್ಲೇ, ಆದಿಕಾಂಡ 1:28ರಲ್ಲಿ, ದೇವರು ಆಗಷ್ಟೇ ಹುಟ್ಟಿಸಿದ ಗಂಡು ಹೆಣ್ಣಿಗೆ ಒಂದು ಮಾತು ಹೇಳುತ್ತಾನೆ. ಮಕ್ಕಳುಮರಿಯಾಗಿ ಹೆಚ್ಚಿರಿ, ಭೂಮಿ ತುಂಬಿಕೊಳ್ಳಿ, ಅದನ್ನು ವಶ ಮಾಡಿಕೊಳ್ಳಿ, ನೀರಿನ ಮೀನು, ಆಕಾಶದ ಹಕ್ಕಿ, ನೆಲದ ಮೇಲೆ ಓಡಾಡುವ ಎಲ್ಲ ಜೀವಿಗಳ ಮೇಲೆ ದೊರೆತನ ಮಾಡಿ. ಇದು ಅದರ ಸಾರ. 1967ರಲ್ಲಿ ಲಿನ್ ವೈಟ್ ಎಂಬ ಅಮೆರಿಕದ ಇತಿಹಾಸಕಾರ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೇಖನ ಬರೆದು, ಪರಿಸರ ಇಷ್ಟು ಕೆಟ್ಟಿರುವುದಕ್ಕೆ ಈ ನಂಬಿಕೆಯೇ ಬೇರು ಎಂದ. ಅವನ ವಾದ ಹೀಗಿತ್ತು. ಮೊದಲು ಮರಕ್ಕೊಂದು, ಹಳ್ಳಕ್ಕೊಂದು, ಗುಡ್ಡಕ್ಕೊಂದು ದೇವತೆ ಇತ್ತು, ಮರ ಕಡಿಯುವವನು ಅದನ್ನು ಒಂದು ಮಾತು ಕೇಳಬೇಕಿತ್ತು. ಪಶ್ಚಿಮದ ಕ್ರೈಸ್ತ ಧರ್ಮ ಆ ಸಣ್ಣ ದೇವತೆಗಳನ್ನೆಲ್ಲ ಓಡಿಸಿದ ಮೇಲೆ ಯಾರನ್ನೂ ಕೇಳುವ ಅಗತ್ಯ ಉಳಿಯಲಿಲ್ಲ. ಅವನು ಧರ್ಮದ ವೈರಿ ಏನಲ್ಲ, ಪರಿಹಾರವೂ ಧರ್ಮದ ಒಳಗಿಂದಲೇ ಬರಬೇಕು ಎಂದು ಪ್ರಾಣಿ ಪಕ್ಷಿಗಳನ್ನು ಒಡಹುಟ್ಟಿದವರಂತೆ ಕಂಡ ಅಸಿಸಿಯ ಸಂತ ಫ್ರಾನ್ಸಿಸ್ ಹೆಸರು ಹೇಳಿದ.

ಇಷ್ಟು ಪರಿಸರದ ಕಥೆ. ನನಗೆ ಜಾಸ್ತಿ ಕಾಡುವುದು ಇದರ ಮುಂದಿನ ಭಾಗ. ಅದೇ ವಚನವನ್ನು ಹಿಡಿದುಕೊಂಡು ಅಮೆರಿಕದಲ್ಲಿ ಕೆಲವರು ಸಮಾಜದ ಮೇಲೂ ದೊರೆತನ ಕೇಳಿದರು. ರಶ್ದೂನಿ ಎಂಬ ಪಾದ್ರಿ 1973ರಲ್ಲಿ ದೊಡ್ಡ ಗ್ರಂಥವನ್ನೇ ಬರೆದು, ದೇಶದ ಕಾನೂನು ಬೈಬಲ್ಲಿನ ಕಾನೂನೇ ಆಗಬೇಕು ಎಂದು ವಾದಿಸಿದ. 1975ರ ಹೊತ್ತಿಗೆ ಬೇರೆ ಇಬ್ಬರು ಪ್ರಚಾರಕರು ಧರ್ಮ, ಕುಟುಂಬ, ಶಿಕ್ಷಣ, ಸರ್ಕಾರ, ಮಾಧ್ಯಮ, ಕಲೆ, ವ್ಯಾಪಾರ ಈ ಏಳರ ಮೇಲೆ ಪ್ರಭಾವ ಬೀರಬೇಕು ಎಂದರು. 2000ದ ನಂತರ ಅದೇ ಮಾತು 'ಏಳು ಬೆಟ್ಟ' ಎಂಬ ಹೆಸರಲ್ಲಿ ಜೋರಾಯಿತು. ಒಂದೊಂದು ಬೆಟ್ಟದ ತುದಿಗೂ ನಮ್ಮವರೇ ಹತ್ತಿ ಕೂರಬೇಕು ಎಂಬ ಬೋಧನೆ ಅದು.

ನಾನು ಆ ವಚನವನ್ನು ಮತ್ತೆ ಮತ್ತೆ ಓದಿದೆ. ಪಟ್ಟಿಯಲ್ಲಿ ಮೀನಿದೆ, ಹಕ್ಕಿಯಿದೆ, ಪ್ರಾಣಿಗಳಿವೆ. ಇನ್ನೊಬ್ಬ ಮನುಷ್ಯ ಇಲ್ಲ. ಹಾಗಿದ್ದರೂ ಮೀನಿನ ಮೇಲಿನ ಅಧಿಕಾರ ನೆರೆಯವನ ಮೇಲಿನ ಅಧಿಕಾರ ಆಗಿದ್ದು ಹೇಗೆ? ಇದು ಅವರೊಬ್ಬರ ಧರ್ಮದ ಸಮಸ್ಯೆ ಎಂದು ನನಗೆ ಅನಿಸುವುದಿಲ್ಲ. ನಮ್ಮ ದುರ್ಗ, ದಾವಣಗೆರೆ ಕಡೆ ಇದು ಹೇಗೆ ಕಾಣುತ್ತದೆ ಹೇಳಿ.

ಹೊಳೆದಂಡೆ, ಹರಿಹರ

ಅಣ್ಣ, ನಾನು ಆರೋಗ್ಯಮಾತೆ ಚರ್ಚಿಗೆ ಹೋಗುವವನು, ಹಾಗಾಗಿ ಎರಡು ಮಾತು ಹೇಳಲೇಬೇಕು. ಒಂದು ವಚನ ಕಿತ್ತು ತಂದು ಇಡೀ ಧರ್ಮವನ್ನು ಕಟಕಟೆಗೆ ನಿಲ್ಲಿಸುವುದು ಸರಿಯಲ್ಲ. ಮುಂದಿನ ಅಧ್ಯಾಯದಲ್ಲೇ, 2:15ರಲ್ಲಿ, ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇಟ್ಟಿದ್ದು ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕೆ ಅಂತ ಇದೆ. ಯಾಜಕಕಾಂಡ 25ರಲ್ಲಿ ಇನ್ನೂ ನೇರವಾಗಿದೆ. ಏಳನೇ ವರ್ಷ ಹೊಲ ಬೀಳು ಬಿಡಿ, ನೆಲಕ್ಕೂ ವಿಶ್ರಾಂತಿ ಬೇಕು. ಭೂಮಿಯನ್ನು ಶಾಶ್ವತವಾಗಿ ಮಾರಬೇಡಿ, ಯಾಕೆಂದರೆ ಅದು ನನ್ನದು, ನೀವು ನನ್ನ ಹತ್ತಿರ ಇಳಿದುಕೊಂಡಿರುವ ಪರದೇಶಿಗಳು ಎನ್ನುತ್ತಾನೆ ದೇವರು. ಇದನ್ನು ಓದಿದವನು ಬೆಟ್ಟ ಹತ್ತಿ ಕೂರುವ ಮಾತಾಡುವುದಿಲ್ಲ.

ನೀವು ಹೇಳಿದ ಫ್ರಾನ್ಸಿಸ್‌ರನ್ನು 1979ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಪರಿಸರದ ಪಾಲಕ ಸಂತ ಎಂದು ಘೋಷಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್, ದೊರೆತನ ಎಂದರೆ ಮನಸ್ಸಿಗೆ ಬಂದಂತೆ ಮಾಡುವ ಹಕ್ಕು ಎಂದು ಅರ್ಥ ಮಾಡಿಕೊಂಡಿದ್ದು ತಪ್ಪು ಎಂದು ಬರೆದರು. ಏಳು ಬೆಟ್ಟದ ಬೋಧನೆಯನ್ನು ಒಪ್ಪದ ಕ್ರೈಸ್ತರೇ ಜಾಸ್ತಿ. ಇದನ್ನು ದಯವಿಟ್ಟು ಸೇರಿಸಿಕೊಳ್ಳಿ.

ಬೆಣ್ಣೆನಗರಿ, ದಾವಣಗೆರೆ

ಹೊಳೆದಂಡೆಯವರು ಹೇಳಿದ್ದು ಸರಿ ಇರಬಹುದು, ಆದರೆ ನಮ್ಮಲ್ಲಿ ಈ ಗೊಂದಲವೇ ಇಲ್ಲ ಅಲ್ವಾ? ಈಶಾವಾಸ್ಯ ಉಪನಿಷತ್ತಿನ ಮೊದಲ ಮಂತ್ರವೇ, ಇದೆಲ್ಲ ಈಶನದ್ದು, ತ್ಯಾಗದಿಂದ ಅನುಭವಿಸು, ಇನ್ನೊಬ್ಬರ ಸ್ವತ್ತಿಗೆ ಆಸೆಪಡಬೇಡ ಎನ್ನುತ್ತದೆ. ಜೇಡರ ದಾಸಿಮಯ್ಯ ಇಳೆ ನಿಮ್ಮ ದಾನ, ಬೆಳೆ ನಿಮ್ಮ ದಾನ ಎಂದು ಹಾಡಿದ. ನಾವು ಅರಳಿಮರ ಸುತ್ತುತ್ತೇವೆ, ಹಾವಿಗೆ ಹಾಲೆರೆಯುತ್ತೇವೆ, ಹೊಳೆಗೆ ಬಾಗಿನ ಕೊಡುತ್ತೇವೆ. ಭೂಮಿ ನಮಗೆ ತಾಯಿ. ತಾಯಿಯ ಮೇಲೆ ಯಾರಾದರೂ ದೊರೆತನ ಮಾಡುತ್ತಾರಾ?

ಒಣಬೇಸಾಯ, ಜಗಳೂರು

ಮಾಡುತ್ತಾರೆ ಸಾರ್. ನಮ್ಮೂರಿಗೆ ಬನ್ನಿ, ತೋರಿಸುತ್ತೇನೆ.

ಬೋರ್ ಹಾಕಿಸುವ ಮುಂಚೆ ನೀರು ನೋಡುವವರನ್ನು ಕರೆಸುತ್ತಾರೆ. ಅವರು ಚಪ್ಪಲಿ ಬಿಟ್ಟು, ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹೊಲದ ಉದ್ದಗಲ ನಡೆಯುತ್ತಾರೆ. ಕಾಯಿ ನೆಟ್ಟಗೆ ಎದ್ದು ನಿಂತ ಜಾಗಕ್ಕೆ ಗೂಟ ಹೊಡೆಯುತ್ತಾರೆ. ರಾತ್ರಿ ಲಾರಿ ಬರುತ್ತದೆ. ಲಾರಿಗೂ ಅರಿಶಿನ ಕುಂಕುಮ, ಪೈಪಿಗೂ ಹೂವಿನ ಹಾರ, ಗಂಗಮ್ಮನಿಗೆ ಊದುಬತ್ತಿ, ನಿಂಬೆಹಣ್ಣು. ಮನೆಯ ಹೆಣ್ಣುಮಕ್ಕಳು ಸೆರಗು ಹೊದ್ದು ಕೈ ಮುಗಿದು ನಿಂತಿರುತ್ತಾರೆ. ಆಮೇಲೆ ಬೆಳಗಿನವರೆಗೂ ಬರೀ ಬೂದಿ ಬಣ್ಣದ ಕಲ್ಲುಪುಡಿ ಎದ್ದು ಬಂದು ಎಲ್ಲರ ತಲೆಗೂದಲ ಮೇಲೆ ಕೂರುತ್ತದೆ. ನೀರು ಬಿದ್ದರೆ ಅಡಿಕೆ ಇಡುತ್ತಾರೆ. ಬೀಳದಿದ್ದರೆ ಇನ್ನೊಂದು ಮೂಲೆಯಲ್ಲಿ ಇನ್ನೊಂದು ಕಾಯಿ. ಒಬ್ಬರು ಆಳಕ್ಕೆ ಇಳಿಸಿದರೆ ಪಕ್ಕದ ಹೊಲದ ಬೋರ್ ಬತ್ತುತ್ತದೆ, ಅವರು ಇನ್ನೂ ಆಳಕ್ಕೆ ಹೋಗುತ್ತಾರೆ.

ಇಷ್ಟರಲ್ಲಿ ಒಬ್ಬರಿಗೂ ಭಕ್ತಿ ಕಡಿಮೆ ಇಲ್ಲ. ಗಂಗೆ ತಾಯಿ ಎಂದು ಕೈ ಮುಗಿದವರೇ ಅವಳನ್ನು ಕೊನೆಯ ಹನಿವರೆಗೂ ಎಳೆದವರು. ಪೂಜೆ ಮಾಡುತ್ತೇವೆ ಎನ್ನುವುದು ಕಾಯುತ್ತೇವೆ ಎನ್ನುವುದಕ್ಕೆ ಸಾಕ್ಷಿ ಅಲ್ಲ. ಹಾಗೆ ನೋಡಿದರೆ ಮಹಾಭಾರತದಲ್ಲೂ ಖಾಂಡವವನ ಸುಟ್ಟಿದ್ದು ದೇವರ ಹೊಟ್ಟೆ ತುಂಬಿಸಲು, ನಿಂತು ಸುಡಿಸಿದವರು ಕೃಷ್ಣಾರ್ಜುನರು. ಓಡಿ ಬಂದ ಪ್ರಾಣಿಗಳನ್ನೂ ಬಿಡಲಿಲ್ಲ.

ಮಂಡಕ್ಕಿಭಟ್ಟಿ, ದಾವಣಗೆರೆ

ಒಣಬೇಸಾಯ ಅಣ್ಣನ ಮಾತು ಮನಸ್ಸಿಗೆ ನಾಟಿತು. ನಮ್ಮ ಕಡೆಯದನ್ನೂ ಹೇಳುತ್ತೇನೆ. ಕುರಾನ್ 2:30ರಲ್ಲಿ ಅಲ್ಲಾಹನು ಭೂಮಿಯಲ್ಲಿ ಒಬ್ಬ ಖಲೀಫನನ್ನು ನೇಮಿಸುತ್ತೇನೆ ಎನ್ನುತ್ತಾನೆ. ಅಂದರೆ ಪ್ರತಿನಿಧಿ, ಮಾಲೀಕ ಅಲ್ಲ. ಕೊಟ್ಟದ್ದೆಲ್ಲ ಅಮಾನತ್ತು, ಅಂದರೆ ನಂಬಿ ಒಪ್ಪಿಸಿದ್ದು, ಲೆಕ್ಕ ಒಪ್ಪಿಸಬೇಕು. ಅದೇ ಆಯತ್ತಿನಲ್ಲಿ ದೇವದೂತರು ಕೇಳುವ ಪ್ರಶ್ನೆ ಇದೆಯಲ್ಲ, ಅದು ನನಗೆ ಬಹಳ ಮುಖ್ಯ. ಅಲ್ಲಿ ಹಾಳು ಮಾಡಿ ರಕ್ತ ಹರಿಸುವವನನ್ನು ನೇಮಿಸುತ್ತೀಯಾ ಎಂದು ಅವರು ಮೊದಲೇ ಕೇಳಿದ್ದರು. ನೆಲ ಹಾಳು ಮಾಡುವುದು, ರಕ್ತ ಹರಿಸುವುದು, ಎರಡೂ ಒಂದೇ ಉಸಿರಲ್ಲಿ ಬಂದಿವೆ ನೋಡಿ.

ಪ್ರವಾದಿಯವರ ಒಂದು ಹದೀಸ್ ಇದೆ. ನೀರು, ಹುಲ್ಲು, ಬೆಂಕಿ ಈ ಮೂರರಲ್ಲಿ ಜನ ಪಾಲುದಾರರು. ಒಬ್ಬನೇ ಬೇಲಿ ಹಾಕಿಕೊಳ್ಳುವ ಹಾಗಿಲ್ಲ. ಇದನ್ನು ಜುಮ್ಮಾ ದಿನ ಕೇಳಿದವರೇ ಮರುದಿನ ತಮ್ಮ ಭಟ್ಟಿಯ ಹೊಗೆಯನ್ನು ಬೀದಿಯ ಮಕ್ಕಳ ಮೇಲೆ ಬಿಡುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಒಲೆ ಮುಂದೆ ಬೆಂದು ಮಂಡಕ್ಕಿ ಹುರಿಯುವ ಕೂಲಿಯವನಿಗೆ ಆ ಬೆಂಕಿಯಲ್ಲಿ ಯಾವ ಪಾಲೂ ಇಲ್ಲ, ಕೆಮ್ಮು ಮಾತ್ರ ಅವನ ಪಾಲು. ಗ್ರಂಥದಲ್ಲಿ ಒಳ್ಳೆಯ ಮಾತಿಗೆ ಬರ ಇಲ್ಲ. ಲೆಕ್ಕ ಕೇಳುವವರು ಯಾರು ಎನ್ನುವುದೇ ಪ್ರಶ್ನೆ.

ಕೋಟೆಬಾಗಿಲು, ಚಿತ್ರದುರ್ಗ

ಸಮಾಜದ ಮೇಲಿನ ದೊರೆತನ ಎಂದು ಮೊದಲು ಬರೆದಿರಿ, ಅಲ್ಲಿಗೆ ಯಾರೂ ಬರುತ್ತಿಲ್ಲ.

ಪೋರ್ಚುಗಲ್ ದೊರೆಗೆ 1455ರಲ್ಲಿ, ಸ್ಪೇನಿಗೆ 1493ರಲ್ಲಿ ಪೋಪರು ಆಜ್ಞಾಪತ್ರ ಕೊಟ್ಟರು. ಕ್ರೈಸ್ತರಲ್ಲದವರ ನೆಲ ಸಿಕ್ಕರೆ ಹಿಡಿದುಕೊಳ್ಳಿ ಎಂಬ ಅಪ್ಪಣೆ, 1455ರದ್ದರಲ್ಲಂತೂ ಜನರನ್ನು ಗುಲಾಮರನ್ನಾಗಿ ಮಾಡಿಕೊಳ್ಳಲೂ ಅಪ್ಪಣೆ. ಆ ತರ್ಕವನ್ನು 1823ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮೂಲನಿವಾಸಿಗಳ ಭೂಮಿಯ ವಿಷಯದಲ್ಲಿ ಒಪ್ಪಿತು. ವ್ಯಾಟಿಕನ್ ಅದನ್ನು ಬಹಿರಂಗವಾಗಿ ತಿರಸ್ಕರಿಸಿದ್ದು 2023ರ ಮಾರ್ಚ್‌ನಲ್ಲಿ. ಹೊಳೆದಂಡೆ ತಮ್ಮ, ನಿನ್ನ ಮೇಲೆ ಕೋಪ ಇಲ್ಲ, ಆದರೆ ಇದನ್ನೂ ಸೇರಿಸಿಕೊಳ್ಳಬೇಕು.

ಈಗ ನಮ್ಮದು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಗೆ ನಡೆದುಕೊಂಡು ಹೋಗಿ ಬೊಗಸೆ ನೀರು ಕುಡಿದರು. ದನ ಕುಡಿಯಬಹುದಾಗಿದ್ದ, ದಲಿತರು ಮುಟ್ಟಬಾರದಾಗಿದ್ದ ಕೆರೆ ಅದು. ಆಮೇಲೆ ಮೇಲ್ಜಾತಿಯವರು 108 ಮಡಕೆ ನೀರು ತೆಗೆದು, ಸಗಣಿ, ಗಂಜಲ, ಹಾಲು, ಮೊಸರು ಬೆರೆಸಿ ಮಂತ್ರ ಹೇಳಿ ಕೆರೆಗೆ ಸುರಿದು ಶುದ್ಧ ಮಾಡಿದರು. ಬೆಣ್ಣೆನಗರಿಯವರೇ, ಆ ಜನ ನೀರನ್ನು ತಾಯಿ ಎಂದೇ ಕರೆಯುತ್ತಿದ್ದರು. ನೀರಿನ ಪೂಜೆ ಹೆಚ್ಚಾದಷ್ಟೂ ಮುಟ್ಟಬಾರದವರ ಪಟ್ಟಿ ಬಿಗಿಯಾಯಿತು. ಅದೇ ವರ್ಷ ಡಿಸೆಂಬರ್ 25ರಂದು ಅಲ್ಲೇ ಮನುಸ್ಮೃತಿ ಸುಟ್ಟಿದ್ದು ಈ ಕಾರಣಕ್ಕೆ. ಯಾರು ಯಾರ ಮೇಲೆ ಎಂಬ ಪಟ್ಟಿ ನಮ್ಮಲ್ಲಿ ಮೀನು ಹಕ್ಕಿಯಿಂದ ಶುರುವಾಗಲೇ ಇಲ್ಲ, ನೇರವಾಗಿ ಮನುಷ್ಯರಿಂದಲೇ ಶುರುವಾಯಿತು.

ಹಟ್ಟಿಮಗಳು, ಹಿರಿಯೂರು

ಕೋಟೆಬಾಗಿಲು ಅಣ್ಣನ ಮಾತು ಪೂರ್ತಿ ಒಪ್ಪುತ್ತೇನೆ, ಒಂದು ಹೆಜ್ಜೆ ಮುಂದೆ ಹೋಗುತ್ತೇನೆ.

ನಾನು ಗೊಲ್ಲರಹಟ್ಟಿಯವಳು. ಪೇಟೆಯಿಂದ ಬರುವವರು ನಮ್ಮನ್ನು ನೋಡಿ ಪ್ರಕೃತಿ ಆರಾಧಕರು, ಕಾಡಿನ ಜೊತೆ ಬದುಕುವವರು ಎಂದು ಹೊಗಳುತ್ತಾರೆ. ಹಟ್ಟಿಯ ಸುತ್ತಲಿನ ಮುಳ್ಳುಬೇಲಿಯ ಫೋಟೋ ತೆಗೆದುಕೊಳ್ಳುತ್ತಾರೆ. ಆ ಬೇಲಿಯ ಆಚೆ, ಮುಟ್ಟಾದ ಹುಡುಗಿ ಮಳೆಯಲ್ಲಿ ಕೂತಿರುವುದು ಅವರ ಫೋಟೋದಲ್ಲಿ ಬರುವುದಿಲ್ಲ. ಬಾಣಂತಿಯೂ ಕೂಸಿನ ಜೊತೆ ಆಚೆಯೇ. ದೇವರಿಗೆ ಮೈಲಿಗೆ ಆಗುತ್ತದೆ ಅಂತ. ಈಗ ಕಡಿಮೆಯಾಗಿದೆ, ಸರ್ಕಾರದವರು ಕೆಲವು ಹಟ್ಟಿಗಳ ಹತ್ತಿರ ಕಟ್ಟಡ ಕಟ್ಟಿಸಿದ್ದಾರೆ. ಆದರೆ ಕಟ್ಟಡ ಕಟ್ಟಿಸಿದ್ದೂ ಹಟ್ಟಿಯ ಆಚೆಗೇ.

ಕೆರೆಗೆ ಹಾರ ಹಾಡು ನಿಮಗೆಲ್ಲ ಗೊತ್ತು. ಕಲ್ಲನಕೇರಿ ಗೌಡ ಕೆರೆ ಕಟ್ಟಿಸಿದ, ನೀರು ಬರಲಿಲ್ಲ, ಜೋಯಿಸರು ಹಿರಿಸೊಸೆಯನ್ನು ಬಲಿ ಕೊಡಿ ಎಂದರು, ಕೊನೆಗೆ ಕಿರಿಸೊಸೆ ಭಾಗೀರತಿಯನ್ನು ಕೊಟ್ಟರು. ಅಲ್ಲಿ ಯಾರೂ ನಾವು ಪ್ರಕೃತಿಯ ಒಡೆಯರು ಎಂದು ಬೀಗಲಿಲ್ಲ. ಗಂಗೆಗೆ ಹೆದರಿ ನಡೆದುಕೊಂಡರು. ಹೆದರಿದ್ದಕ್ಕೆ ಬೆಲೆ ತೆತ್ತವಳು ಮಾತ್ರ ಮನೆಯಲ್ಲಿ ಎಲ್ಲರಿಗಿಂತ ದನಿ ಕಡಿಮೆ ಇದ್ದವಳು. ಹಾಗಾಗಿ ಪ್ರಕೃತಿಯ ಮೇಲೆ ದೊರೆತನ ಎನ್ನುವ ಧರ್ಮ ಕೆಟ್ಟದ್ದು, ಪ್ರಕೃತಿಗೆ ತಲೆಬಾಗುವ ಧರ್ಮ ಒಳ್ಳೆಯದು ಎಂದು ಸುಮ್ನೆ ಎರಡು ಗುಂಪು ಮಾಡಬೇಡಿ. ನನ್ನಂಥವರಿಗೆ ಎರಡರಲ್ಲೂ ಆಚೆಯೇ ಜಾಗ.

ಕಾವಲಂಚು, ಚಳ್ಳಕೆರೆ

ಅಕ್ಕ, ನೀವು ಬರೆದದ್ದು ಓದಿ ಬಹಳ ಹೊತ್ತು ಬೇರೆ ಏನೂ ಓದಲಾಗಲಿಲ್ಲ. ನಾನು ಹೇಳಬೇಕೆಂದಿದ್ದ ವಿಷಯಕ್ಕೆ ನೀವು ಸರಿಯಾದ ದಾರಿ ಮಾಡಿಕೊಟ್ಟಿರಿ.

ನಮ್ಮ ಕಡೆ ದನ ಸಾಕುವ ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳಿವೆ, ಚಳ್ಳಕೆರೆ, ಮೊಳಕಾಲ್ಮೂರು ಕಡೆಯವರಿಗೆ ಹೇಳಬೇಕಾಗಿಲ್ಲ. ದೂರದವರಿಗಾಗಿ ಬರೆಯುತ್ತೇನೆ. ದೇವರಿಗೆ ಬಿಟ್ಟ ಈ ದನಗಳ ಹೆಗಲಿಗೆ ನೊಗ ಬೀಳುವುದಿಲ್ಲ, ಸಂತೆಗೆ ಹೋಗುವುದಿಲ್ಲ, ಸತ್ತರೆ ಮಣ್ಣು ಮಾಡುತ್ತಾರೆ. ಕಾಯುವವನು ಕಿಲಾರಿ. ಬೆಳಿಗ್ಗೆ ರೊಪ್ಪದ ಮುಳ್ಳು ಸರಿಸಿದ ತಕ್ಷಣ ದನ ನುಗ್ಗುವುದಿಲ್ಲ, ಮುದಿ ಎತ್ತು ಹೊರಗೆ ಹೆಜ್ಜೆ ಇಡುವವರೆಗೆ ಉಳಿದವು ಕಾಯುತ್ತವೆ. ಕಿಲಾರಿ ಹಿಂದೆ ನಡೆಯುತ್ತಾನೆ, ಮುಂದೆ ಅಲ್ಲ. ಬೇಸಿಗೆಯಲ್ಲಿ ಅವುಗಳ ಪಕ್ಕೆಲುಬು ಎಣಿಸಬಹುದು. ಕಿಲಾರಿಯ ಪಕ್ಕೆಲುಬನ್ನೂ ಎಣಿಸಬಹುದು. ಪ್ರಾಣಿ ಮನುಷ್ಯನ ಉಪಯೋಗಕ್ಕೆ ಹುಟ್ಟಿದ್ದು ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಉತ್ತರವನ್ನು ನಾನಂತೂ ಕಂಡಿಲ್ಲ.

ಈ ದನ ಮೇಯುವುದು ಎಲ್ಲಿ? ಅಮೃತ್ ಮಹಲ್ ಕಾವಲಿನಲ್ಲಿ. ಮೈಸೂರು ಅರಸರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪು ಅಮೃತ್ ಮಹಲ್ ಎಂದು ಹೆಸರಿಟ್ಟ, ದಂಡಿನ ಎತ್ತುಗಳಿಗೆ ಬಿಟ್ಟ ಹುಲ್ಲುಗಾವಲು ಇದು. ದಂಡು ಹೋಯಿತು, ಹುಲ್ಲು ಉಳಿಯಿತು. ಕುರಿ, ಕೃಷ್ಣಮೃಗ, ದೇವರ ಎತ್ತು ಎಲ್ಲವೂ ಅದನ್ನೇ ನಂಬಿಕೊಂಡಿದ್ದವು. ಕುರಿ ಇದ್ದದ್ದಕ್ಕೆ ಕಂಬಳಿ ನೇಯುವವರೂ ಬದುಕಿದರು. 2008ರ ಆಸುಪಾಸಿನಿಂದ ಇಲ್ಲಿ 9 ಸಾವಿರ ಎಕರೆಗೂ ಜಾಸ್ತಿ ಕಾವಲು ರಕ್ಷಣೆ, ವಿಜ್ಞಾನ, ಇಂಧನದ ಕೆಲಸಗಳಿಗೆ ಹೋಯಿತು. ಗೋಡೆ ಎದ್ದ ಮೇಲೆ ಎಷ್ಟೋ ಜನರಿಗೆ ವಿಷಯ ಗೊತ್ತಾಯಿತು. ಹಸಿರು ನ್ಯಾಯಮಂಡಳಿವರೆಗೂ ವ್ಯಾಜ್ಯ ಹೋಯಿತು. ಇಲ್ಲಿ ಯಾರೂ ದೇವರ ಹೆಸರು ಹೇಳಲಿಲ್ಲ, ಬೈಬಲ್ ತೆರೆಯಲಿಲ್ಲ. ಉಪಯೋಗಕ್ಕೆ ಬಾರದ ಬಯಲು ಎಂದರು, ಅಷ್ಟೇ. ದೇವರನ್ನು ಬಿಟ್ಟರೂ ದೊರೆತನ ಬಿಡಲಿಲ್ಲ.

ಹಟ್ಟಿಮಗಳು ಅಕ್ಕ ಹೇಳಿದ್ದೂ ಇಲ್ಲಿಗೇ ಬಂದು ಸೇರುತ್ತದೆ. ನೆಲವನ್ನು ಯಾರಾದರೂ ವಶ ಮಾಡಿಕೊಂಡರೆ ಆ ನೆಲದ ಮೇಲೆ ಬದುಕುವವರೂ ವಶವಾಗುತ್ತಾರೆ. ಬೋರ್ ಆಳಕ್ಕೆ ಇಳಿಸಿದವನು ಪಕ್ಕದವನ ಬಾವಿ ಬತ್ತಿಸುತ್ತಾನೆ, ಭಟ್ಟಿಯವನು ಕೂಲಿಯವನ ಎದೆಗೆ ಹೊಗೆ ತುಂಬುತ್ತಾನೆ, ಕೆರೆಯವರು ಕಿರಿಸೊಸೆಯನ್ನು ಕೊಡುತ್ತಾರೆ. ಆ ವಚನದ ಪಟ್ಟಿಯಲ್ಲಿ ಮನುಷ್ಯ ಇಲ್ಲದಿದ್ದರೂ ಅವನು ಯಾವಾಗಲೂ ಸಿಕ್ಕಿಕೊಂಡಿರುತ್ತಾನೆ. ಹಾಗಾಗಿ ಒಂದು ಧರ್ಮ ಪ್ರಕೃತಿಯ ಬಗ್ಗೆ ಎಷ್ಟು ಚೆಂದ ಮಾತಾಡುತ್ತದೆ ಎಂದು ನಾನು ಇನ್ನು ಕೇಳುವುದಿಲ್ಲ. ನೀರು, ಹುಲ್ಲು, ನೆಲದ ತೀರ್ಮಾನ ಆಗುವಾಗ ಯಾರನ್ನು ಕೇಳಿದರು, ಯಾರನ್ನು ಆಚೆ ಕೂರಿಸಿದರು ಎಂದು ಕೇಳುತ್ತೇನೆ.

ಬೆಣ್ಣೆನಗರಿ, ದಾವಣಗೆರೆ

ಮಹಾಡದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಸುಮ್ಮನೆ ವಾದ ಮಾಡುವುದಿಲ್ಲ. ಆದರೆ ಕಾವಲಂಚು ಅವರಿಗೆ ಒಂದು ಪ್ರಶ್ನೆ. ವಶ ಮಾಡಿಕೊಳ್ಳದೆ ಬದುಕಲು ಆಗುತ್ತದಾ? ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟೆ ಕಟ್ಟಿದರು, 1907ರಲ್ಲಿ ಮುಗಿಯಿತು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ನಡುವಿನ ಅಷ್ಟೂ ಬರಗಾಲದಲ್ಲಿ ಜನ ಬದುಕಿದ್ದು ಆ ಕಟ್ಟೆಯಿಂದ. ಜಗಳೂರಿಗೆ ದೀಟೂರಿನ ಹತ್ತಿರ ಹೊಳೆಯಿಂದ ನೀರೆತ್ತಿ 57 ಕೆರೆ ತುಂಬಿಸುವ ಯೋಜನೆ ಬಂದಿದ್ದರ ಹಿಂದೆ ಸಿರಿಗೆರೆ ಸ್ವಾಮೀಜಿಯವರ ಒತ್ತಾಯ ಇದೆ. ಇವೂ ಪ್ರಕೃತಿಯ ಮೇಲಿನ ಅಧಿಕಾರವೇ ಅಲ್ವಾ?

ಒಣಬೇಸಾಯ, ಜಗಳೂರು

ಕೆರೆಗೆ ನೀರು ಬಂದ ಮೇಲೆ ಸುತ್ತಲ ಬೋರ್‌ಗಳಲ್ಲಿ ನೀರು ಏರಿದ್ದನ್ನು ನಾನೇ ನೋಡಿದ್ದೇನೆ, ಅದಕ್ಕೆ ಕೈ ಮುಗಿಯುತ್ತೇನೆ. ಆದರೆ ಕೆರೆ ಊರಿಗೆಲ್ಲ, ಬೋರ್ ಒಬ್ಬನಿಗೆ. ಆ ವ್ಯತ್ಯಾಸ ದೊಡ್ಡದು ಸಾರ್.

ಕಾವಲಂಚು, ಚಳ್ಳಕೆರೆ

ಒಣಬೇಸಾಯ ಅಣ್ಣ ಅರ್ಧ ಉತ್ತರ ಹೇಳಿಬಿಟ್ಟರು. ನಾನು ಕಟ್ಟೆಗೆ ವಿರೋಧಿ ಅಲ್ಲ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನೇ ಕಟ್ಟಿಸಿದವರು. ಹರಿಯುವ ನೀರಿಗೆ ಅಡ್ಡ ಕಟ್ಟಿದ್ದು ಅವರೂ ಹೌದು. ಆದರೆ ಮಾಡಿದಷ್ಟು ನೀಡು ಭಿಕ್ಷೆ ಎಂದರು. ಕೆಲಸ ಮಾಡಿದವನಿಗೆ ಅವನ ಪಾಲು ಸಲ್ಲಲೇಬೇಕು, ಅದನ್ನು ದೇವರ ಹತ್ತಿರವೇ ಕೈ ಚಾಚಿ ಕೇಳಬಹುದು ಎಂಬ ಧೈರ್ಯ ಆ ಮಾತಿನಲ್ಲಿದೆ. ದುರ್ಗದ ಕೋಟೆಯಲ್ಲಿ ಮೇಲಿನ ಹೊಂಡ ತುಂಬಿ ಹೆಚ್ಚಾದ ನೀರು ಕೆಳಗಿನ ಹೊಂಡಕ್ಕೆ, ಅಲ್ಲಿಂದ ಊರೊಳಗಿನ ಸಂತೆಹೊಂಡಕ್ಕೆ ಇಳಿಯುವ ಹಾಗೆ ಕಟ್ಟಿದ್ದಾರೆ. ಅದೂ ಮನುಷ್ಯನ ಕೈಚಳಕವೇ, ಮೇಲಿದ್ದವನು ನೀರು ಹಿಡಿದಿಟ್ಟುಕೊಳ್ಳದ ಕೈಚಳಕ.

ಹಟ್ಟಿಮಗಳು, ಹಿರಿಯೂರು

ಸಂತೆಹೊಂಡಕ್ಕೆ ಇಳಿದ ನೀರನ್ನು ಎಲ್ಲರೂ ಮುಟ್ಟಬಹುದಿತ್ತಾ ಎನ್ನುವುದನ್ನೂ ಕೇಳಿ ಅಣ್ಣ. ಕಾವಲಿನ ವಿಷಯಕ್ಕೆ ಗ್ರಾಮಸಭೆ ಆದರೆ ಕಿಲಾರಿ ಒಬ್ಬನೇ ಬಂದರೆ ಸಾಲದು, ಹಟ್ಟಿಯ ಹೆಂಗಸರೂ ಬಂದು ಮಾತಾಡಬೇಕು. ಸೌದೆ, ನೀರು, ಕುರಿಮರಿಯ ಮೇವು ನೋಡುವವರು ನಾವು.

ಹೊಳೆದಂಡೆ, ಹರಿಹರ

ಕೋಟೆಬಾಗಿಲು ಅಣ್ಣ, 1455ರದ್ದು ನಮ್ಮ ಚರ್ಚಿನ ಕ್ಯಾಟೆಕಿಸಂ (ಧರ್ಮಬೋಧನೆ) ತರಗತಿಯಲ್ಲಿ ಯಾರೂ ಹೇಳಿರಲಿಲ್ಲ. ಸೇರಿಸಿಕೊಳ್ಳುತ್ತೇನೆ, ಮರೆಮಾಚುವುದಿಲ್ಲ. ನಮ್ಮ ಯುವಕರ ಕೂಟದಲ್ಲಿ ಯಾಜಕಕಾಂಡ 25 ಓದಿಸಬೇಕೆಂದಿದ್ದೇನೆ. ಕಾವಲಂಚು ಅಣ್ಣ, ಕಿಲಾರಿಯೊಬ್ಬರನ್ನು ಕರೆಸಲು ಆಗುತ್ತದಾ? ಹಟ್ಟಿಮಗಳು ಅಕ್ಕನವರೂ ಬಂದರೆ ಇನ್ನೂ ಒಳ್ಳೆಯದು, ಬಸ್ ಚಾರ್ಜು ನಾವು ಕೊಡುತ್ತೇವೆ.

ಕಾವಲಂಚು, ಚಳ್ಳಕೆರೆ

ಕೇಳಿ ನೋಡುತ್ತೇನೆ. ದನ ಬಿಟ್ಟು ಬರಬೇಕೆಂದರೆ ಅವರ ಜಾಗಕ್ಕೆ ಇನ್ನೊಬ್ಬರು ನಿಲ್ಲಬೇಕು. ಮಳೆ ಬಿದ್ದು ಹುಲ್ಲು ಚಿಗುರಿದ ಮೇಲೆ ಆದರೆ ಸುಲಭ.

ಹಟ್ಟಿಮಗಳು, ಹಿರಿಯೂರು

ನಾನು ಬರುತ್ತೇನೆ. ನನ್ನ ಜೊತೆ ಅವ್ವನನ್ನೂ ಕರೆತರುತ್ತೇನೆ, ಬೇಲಿ ಆಚೆ ಕೂತವಳು ಅವಳು, ಅವಳೇ ಮಾತಾಡಲಿ.